ನಿಂಬೆಯ ಕಜ್ಜಿ ರೋಗವೂ ದುಂಡಾಣುನಾಶಕ ಔಷಧಗಳೂ

ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ ತಾಲೂಕುಗಳಲ್ಲಿ ನಿಂಬೆಯ ತೋಟವು ಅನೇಕ ಮನೆತನಗಳ ಜೀವನಾಧಾರವಾಗಿರುವದು. ಈ ಬೆಳೆಗೆ ತಗಲುವ ಬಾಧೆಗಳಲ್ಲಿ ಕಜ್ಜಿ ರೋಗವು ಮುಖ್ಯವಾದದ್ದು. ಎಲೆ, ಕಡ್ಡಿ, ಕಾಯಿಗಳ ಮೇಲೆ ಕಂದುಬಣ್ಣದ ಒರಟು ಕಲೆಗಳು ಏಳುವವು. ಅಂಥ ಕಾಯಿಗೆ ಪೇಟೆಯಲ್ಲಿ ತಕ್ಕ ಬೆಲೆ ದೊರೆಯದು. ಇದಕ್ಕೆ ಕಾರಣವು ಬೂಷ್ಟಲ್ಲ. ಕ್ಸಾಂಥೊಮೋನಾಸ್ ಎಂಬ ದುಂಡಾಣು.

ಇದರ ನಿವಾರಣೆಗಾಗಿ ಸ್ಟ್ರೆಪ್ಟೊಮೈಸಿನ್ ಒಂಬತ್ತು ಪಾಲು, ಟೆಟ್ರಾಸೈಕ್ಲಿನ್ ಒಂದು ಪಾಲು ಕೂಡಿಸಿದ ಪುಡಿಯನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸುವ ರೂಢಿಯು ಬಹುಕಾಲ ನಡೆದುಬಂದಿತು. ಈ ಔಷಧವು ದುಂಡಾಣುವಿನ ಒಡಲಲ್ಲಿ ಮಾಡುವದೇನೆಂಬದನ್ನು ತಿಳಿದರೆ, ಅದನ್ನು ಮನಬಂದಂತೆ ಬಳಸಬಾರದೇಕೆಂಬದು ಸ್ಪಷ್ಟವಾಗುವದು.

ಪ್ರತಿಯೊಂದು ದುಂಡಾಣುವಿನಲ್ಲಿ ರೈಬೋಸೋಮ್ ಎಂಬ ಸಾವಿರಾರು ಕಣಗಳಿರುವವು. ಒಂದೊಂದರ ಅಗಲವು ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲೊಂದು ಪಾಲು ಮಾತ್ರ. ಪತ್ತಾರನು ಚೀಟಿಯಲ್ಲಿ ಬರೆದ ಕ್ರಮದಂತೆ ಗುಂಡುಗಳನ್ನು ಪೋಣಿಸಿ ಸರ ಮಾಡುವಂತೆ, ರೈಬೋಸೋಮ್ ವಂಶವಾಹಿಯ ನಕಲನ್ನು ಮೂರು ಮೂರು ಅಕ್ಷರಗಳಾಗಿ ಓದಿ, ಅಮೈನೊ ಆಮ್ಲಗಳನ್ನು ಜೋಡಿಸಿ ಪ್ರೋಟೀನನ್ನು ಕಟ್ಟುವದು. ಅದರ ಚಿಕ್ಕ ಭಾಗವು ಓದುವ ಕೆಲಸವನ್ನೂ, ದೊಡ್ಡ ಭಾಗವು ಪೋಣಿಸುವ ಕೆಲಸವನ್ನೂ ಮಾಡುವವು.

ಮೇಲೆ ಹೇಳಿದ ಎರಡೂ ಔಷಧಗಳು ಚಿಕ್ಕ ಭಾಗಕ್ಕೇ ಅಂಟಿಕೊಳ್ಳುವವು. ಸ್ಟ್ರೆಪ್ಟೊಮೈಸಿನ್ ಅಂಟಿದಾಗ ಓದು ತಪ್ಪುವದು. ಒಂದು ಗುಂಡಿನ ಸ್ಥಳದಲ್ಲಿ ಬೇರೊಂದು ಗುಂಡು ಸೇರಿ, ಕೆಟ್ಟ ಪ್ರೋಟೀನು ಹುಟ್ಟುವದು. ಟೆಟ್ರಾಸೈಕ್ಲಿನ್ ಹೊಸ ಗುಂಡು ಬಂದು ಕೂಡ್ರುವ ಸ್ಥಳವನ್ನೇ ಅಡ್ಡಗಟ್ಟುವದು. ಸರವು ಬೆಳೆಯದೆ ನಿಲ್ಲುವದು. ಮನುಷ್ಯನ ಜೀವಕೋಶದ ರೈಬೋಸೋಮಿನ ರಚನೆಯು ಬೇರೆಯಾದ್ದರಿಂದ ಅದಕ್ಕೆ ಇಂಥ ಬಾಧೆಯು ಬಹಳ ಕಡಿಮೆ.

ಸ್ಟ್ರೆಪ್ಟೊಮೈಸಿನ್ ೧೯೪೩ರಲ್ಲಿ ಅಮೇರಿಕೆಯ ರಟ್ಗರ್ಸ್ ವಿದ್ಯಾಪೀಠದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆಯಿತು. ಅದು ಅಂಟುವ ಸ್ಥಳವನ್ನು ೨೦೦೦ದಲ್ಲಿ ತೋರಿಸಿಕೊಟ್ಟ ತಂಡದ ಮುಖಂಡರು ತಮಿಳುನಾಡಿನ ಚಿದಂಬರದಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್. ರೈಬೋಸೋಮಿನ ಅಭ್ಯಾಸಕ್ಕಾಗಿ ೨೦೦೯ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಅಪಾಯದ ವಿಷಯ. ಕೋಟ್ಯವಧಿ ದುಂಡಾಣುಗಳಲ್ಲಿ ಯಾವದೋ ಒಂದರ ರೈಬೋಸೋಮಿನ ಪ್ರೋಟೀನಿನಲ್ಲಿ ಒಂದೇ ಗುಂಡು ಬದಲಾದರೂ ಸ್ಟ್ರೆಪ್ಟೊಮೈಸಿನ್ ಅದಕ್ಕೆ ಅಂಟದೆ ಹೋಗಬಹುದು. ಪದೇ ಪದೇ ಸಿಂಪಡಿಸಿದಲ್ಲಿ ಉಳಿದವು ಸತ್ತು, ಅದೊಂದೇ ತೋಟವನ್ನೆಲ್ಲ ವ್ಯಾಪಿಸುವದು. ಔಷಧವನ್ನು ಕೆಡಿಸುವ ವಂಶವಾಹಿಗಳು ಒಂದು ಜಾತಿಯ ದುಂಡಾಣುವಿನಿಂದ ಇನ್ನೊಂದಕ್ಕೆ ದಾಟಲೂಬಲ್ಲವು. ಇವೇ ಔಷಧಗಳು ಮನುಷ್ಯರ ಹಾಗೂ ದನಕರುಗಳ ಬೇನೆಗಳಿಗೂ ಬೇಕಾದವುಗಳು. ಸ್ಟ್ರೆಪ್ಟೊಮೈಸಿನ್ ಕ್ಷಯರೋಗಕ್ಕೆ ದೊರೆತ ಮೊದಲ ಪರಿಣಾಮಕಾರಿ ಔಷಧಗಳಲ್ಲೊಂದು. ತೋಟದಲ್ಲಿ ಅದರ ಬಲವನ್ನು ಕಳೆದರೆ ಮನೆಯಲ್ಲಿ ಹಾಸಿಗೆ ಹಿಡಿದವನಿಗೆ ಅದು ಒದಗದು. ಈ ಕಾರಣದಿಂದಲೇ ೨೦೨೧ರ ಡಿಸೆಂಬರದಲ್ಲಿ ಕೇಂದ್ರ ಸರಕಾರವು ಒಕ್ಕಲುತನದಲ್ಲಿ ಇವುಗಳ ಬಳಕೆಯನ್ನು ನಿಷೇಧಿಸುವ ಆಜ್ಞೆಯ ಕರಡನ್ನು ಪ್ರಕಟಿಸಿತು. ೨೦೨೪ರ ಜನೇವರಿ ೧ರಿಂದ ಬಳಕೆಯು ಪೂರ್ಣ ನಿಲ್ಲಬೇಕೆಂದು ಅದರಲ್ಲಿತ್ತು.

ಆದುದರಿಂದ ತೋಟದವರು ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು.

೧. ರೋಗವಿಲ್ಲದ ಸಸಿಗಳನ್ನೇ ನೆಡತಕ್ಕದ್ದು.

೨. ಮಳೆಗಾಲಕ್ಕೆ ಮುಂಚೆ ರೋಗದ ಕಡ್ಡಿಗಳನ್ನು ಕತ್ತರಿಸಿ ಸುಡತಕ್ಕದ್ದು.

೩. ಕತ್ತರಿಸಿದ ತರುವಾಯ ಶೇಕಡಾ ಒಂದರ ಬೋರ್ಡೊ ದ್ರಾವಣವನ್ನು, ಅಂದರೆ ೧೦೦ ಲೀಟರ ನೀರಿಗೆ ೧ ಕಿಲೊ ಮೈಲುತುತ್ತ, ೧ ಕಿಲೊ ಸುಣ್ಣ ಕೂಡಿಸಿದ್ದನ್ನು, ಸಿಂಪಡಿಸತಕ್ಕದ್ದು.

೪. ರಂಗೋಲಿ ಹುಳುವನ್ನು ಹತೋಟಿಯಲ್ಲಿಡತಕ್ಕದ್ದು. ಅದು ಕೊರೆದ ಗಾಯದಿಂದಲೂ ದುಂಡಾಣುವು ಎಲೆಯನ್ನು ಹೊಗುವದು.

ಗಾಳಿಮಳೆಯೊಡನೆ ಹರಡುವ ಈ ರೋಗಕ್ಕೆ ಹೊಲದ ಬದುವು ಅಡ್ಡಿಯಾಗದು. ಒಬ್ಬನು ಕಡ್ಡಿ ಸುಟ್ಟು ನೆರೆಯವನು ಸುಮ್ಮನಿದ್ದರೆ ಫಲವಿಲ್ಲ. ಊರಿನ ಗೌಡರೂ ಹಿರಿಯ ಜಮೀನುದಾರರೂ ಮುಂದಾಗಿ, ಒಂದೇ ವಾರದಲ್ಲಿ ಎಲ್ಲ ತೋಟಗಳನ್ನು ಶುಚಿಮಾಡಿಸಿದರೆ ಊರಿಗೆಲ್ಲ ಹಿತವಾಗುವದು.