ಕೆಂಪು ಚುಕ್ಕೆ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಹೆಂಗಸರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಿ ನೋಡುವುದನ್ನು ನೀವು ಕಂಡಿರಬಹುದು. ಚೆನ್ನಾಗಿ ಬೆಂದ ಮಡಕೆ ಕಂಚಿನಂತೆ ನಾದಗೈಯುತ್ತದೆ; ಸೀಳುಬಿಟ್ಟ ಮಡಕೆ ಒಡಕು ದನಿಯನ್ನು ಹೊರಡಿಸುತ್ತದೆ. ಬದನೆಕಾಯಿಯ ಹುಳುಕು, ಸೀರೆಯ ನೇಯ್ಗೆಯ ದೋಷ, ಎತ್ತಿನ ಹಲ್ಲು ಇವೆಲ್ಲವೂ ಕಣ್ಣಿಗೋ ಕೈಗೋ ಸಿಕ್ಕುವಂಥವು. ಆದ್ದರಿಂದ ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ಹಿಂದಿನ ಕಾಲದ ನಿಯಮವು ಅಷ್ಟೇನೂ ಅನ್ಯಾಯದ್ದಾಗಿರಲಿಲ್ಲ.

ಆದರೆ ಸ್ಮಾರ್ಟ್‌ಫೋನನ್ನು ತಟ್ಟಿ ನೋಡಿದರೆ ಏನು ತಿಳಿದೀತು? ಅದರ ಗಾಜಿನ ಹೊದಿಕೆಯ ಕೆಳಗೆ, ಸಣ್ಣದೊಂದು ಫಲಕದ ಮೇಲೆ, ಕಣ್ಣಿಗೆ ಕಾಣದ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಅಡಗಿರುತ್ತವೆ. ಎಲ್ಲಿಯೋ ಒಂದು ಬೆಸುಗೆ ಸಡಿಲವಾಗಿದ್ದರೆ ಅದು ಮಾರುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಕೆಲವು ತಿಂಗಳು ಕಳೆದ ಬಳಿಕ ಆ ದೋಷವೇ ತಾನಾಗಿ ಹೊರಬೀಳಬೇಕು. ಪರೀಕ್ಷಿಸಲಾಗದ ವಸ್ತುವನ್ನು ನಂಬಿಕೆಯ ಮೇಲೆಯೇ ಕೊಳ್ಳಬೇಕಾಗುವುದರಿಂದ, ತಯಾರಕನು ಆ ನಂಬಿಕೆಗೆ ಆಧಾರವಾಗಿ ಒಂದು ಮಾತನ್ನು ಬರೆದು ಕೊಡುತ್ತಾನೆ. ಅದೇ ವಾರಂಟಿ. ನಮ್ಮ ದೇಶದಲ್ಲಿ ಮಾರಾಟವಾಗುವ ಫೋನುಗಳಿಗೆ ಸಾಮಾನ್ಯವಾಗಿ ಒಂದು ವರ್ಷ, ಪೆಟ್ಟಿಗೆಯೊಡನೆ ಬರುವ ಚಾರ್ಜರು ಮುಂತಾದ ಸಲಕರಣೆಗಳಿಗೆ ಆರು ತಿಂಗಳು ಈ ಮಾತು ನಡೆಯುತ್ತದೆ. ಇದನ್ನು ಕಂಪನಿಯ ಔದಾರ್ಯವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಅದರ ವೆಚ್ಚವನ್ನು ನಾವು ಕೊಟ್ಟ ಬೆಲೆಯಲ್ಲಿಯೇ ಸೇರಿಸಿರುತ್ತಾರೆ.

ಕೆಂಗೇರಿ ಉಪನಗರದಲ್ಲಿರುವ ನನ್ನ ತಂಗಿಯು ಹೊಲಿಗೆಯಿಂದ ಸಂಸಾರವನ್ನು ಸಾಗಿಸುವವಳು. ರವಿಕೆಯ ಅಳತೆ, ಕತ್ತಿನ ವಿನ್ಯಾಸ, ಹಣದ ಪಾವತಿ ಎಲ್ಲವೂ ಈಗ ಫೋನಿನ ಮೂಲಕವೇ ಆಗಬೇಕು. ಚೀಟಿ ಎತ್ತಿದ ಹಣದಲ್ಲಿ 14,500 ರೂಪಾಯಿ ಕೊಟ್ಟು ರಾಜಾಜಿನಗರದ ಅಂಗಡಿಯೊಂದರಲ್ಲಿ ಅವಳು ಫೋನು ಕೊಂಡಳು. ಐದನೆಯ ತಿಂಗಳಿನಲ್ಲಿ ಅದು ಚಾರ್ಜಿಗೆ ಹಾಕಿದಾಗಲೆಲ್ಲ ಕಾದ ಹೆಂಚಿನಂತೆ ಬಿಸಿಯಾಗತೊಡಗಿತು. ಒಂದು ದಿನ ಪರದೆ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ. ಅದರೊಳಗೆ ಗಿರಾಕಿಗಳ ಅಳತೆಗಳಿದ್ದವು. ಎರಡು ತಿಂಗಳ ಹಿಂದೆ ತೀರಿಕೊಂಡ ನಮ್ಮ ತಾಯಿಯ ಚಿತ್ರಗಳಿದ್ದವು. ಆಕೆ ರಾಗಿ ಬೀಸುವ ಪದವೊಂದನ್ನು ಹಾಡಿದ್ದ ಧ್ವನಿಮುದ್ರಣವೂ ಇದ್ದಿತು.

ಸುದ್ದಿ ತಿಳಿದು ನಾನು ಬಸವೇಶ್ವರನಗರದಿಂದ ಹೊರಟು ವಿಜಯನಗರಕ್ಕೆ ಹೋದೆನು. ತಂಗಿಯೂ ಅವಳ ಮಗಳೂ ಮೆಟ್ರೋ ರೈಲಿನಲ್ಲಿ ಅಲ್ಲಿಗೆ ಬಂದರು. ಆ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಟೋಕನ್ ಪಡೆದು ಒಂದು ಗಂಟೆ ಕಾದ ಮೇಲೆ ನಮ್ಮ ಸರದಿ ಬಂದಿತು. ಕೌಂಟರಿನ ತರುಣನು ಸಿಮ್ ತಟ್ಟೆಯನ್ನು ಸೂಜಿಯಿಂದ ಹೊರತೆಗೆದು, ಆ ಕಿಂಡಿಯೊಳಗೆ ಪುಟ್ಟ ದೀಪವನ್ನು ಹಾಯಿಸಿ ಇಣುಕಿದನು.

“ಇಲ್ಲಿ ನೋಡಿ, ಕೆಂಪು ಚುಕ್ಕೆ ಬಂದಿದೆ. ನೀರು ಹೋಗಿದೆ. ವಾರಂಟಿ ಬರುವುದಿಲ್ಲ. ಬೋರ್ಡು ಬದಲಾಯಿಸಲು 9,200 ರೂಪಾಯಿ ಆಗುತ್ತದೆ.”

“ನೀರಿಗೆ ಬಿದ್ದೇ ಇಲ್ಲವಲ್ಲಪ್ಪಾ!” ಎಂದಳು ನನ್ನ ತಂಗಿ.

“ಚುಕ್ಕೆ ಸುಳ್ಳು ಹೇಳುವುದಿಲ್ಲ ಅಮ್ಮ.”

ತಂಗಿಯು ಫೋನನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಳ್ಳತೊಡಗಿದಳು. “ನಡೆಯಣ್ಣ, ಹೋಗೋಣ. ಇವರೊಡನೆ ವಾದ ಮಾಡಲು ನಮಗೇನು ಗೊತ್ತಿದೆ?” ಎಂದಳು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅವಳ ಮಗಳು ಮಾತ್ರ ಕೌಂಟರನ್ನು ಬಿಟ್ಟು ಕದಲಲಿಲ್ಲ.

“ಸಾರ್, ನೀವು ಈಗ ಹೇಳಿದ್ದನ್ನೇ ಬರೆದುಕೊಡುತ್ತೀರಾ?”

ತರುಣನು ಒಂದು ಕ್ಷಣ ಸುಮ್ಮನಾದನು. ಅವನು ಕೆಟ್ಟವನೇನೂ ಅಲ್ಲ. ದಿನಕ್ಕೆ ಹತ್ತಾರು ಮಂದಿಗೆ ಅದೇ ಮಾತನ್ನು ಹೇಳಿ ಹೇಳಿ ಅದು ಅವನ ನಾಲಗೆಗೆ ರೂಢಿಯಾಗಿದ್ದಿತು. ಬರೆದುಕೊಡಿ ಎಂದವರು ವಿರಳವಾಗಿದ್ದಿರಬೇಕು. ಕೊನೆಗೆ ಅವನು ಜಾಬ್ ಶೀಟನ್ನು ಮುದ್ರಿಸಿದನು. ಹುಡುಗಿ ಅದನ್ನು ಸಾಲು ಸಾಲಾಗಿ ಓದಿದಳು. ದಿನಾಂಕವಿದೆಯೆ? ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ ಬಿಲ್ಲಿನಲ್ಲಿರುವ ಸಂಖ್ಯೆಯೊಡನೆ ತಾಳೆಯಾಗುತ್ತದೆಯೆ? ‘ಚಾರ್ಜು ಮಾಡುವಾಗ ಅತಿಯಾಗಿ ಬಿಸಿಯಾಗಿ ನಿಂತುಹೋಗಿದೆ’ ಎಂಬ ನಮ್ಮ ದೂರು ನಮ್ಮ ಮಾತಿನಲ್ಲಿಯೇ ಇದೆಯೆ? ಗಾಜು ಒಡೆದಿಲ್ಲ, ಮೈಮೇಲೆ ಗೀರಿಲ್ಲ ಎಂಬುದನ್ನು ಅವಳು ಕೇಳಿ ಬರೆಸಿದಳು. ವಾರಂಟಿಯನ್ನು ನಿರಾಕರಿಸಿದ ಕಾರಣವೂ ಅದರಲ್ಲಿ ಸೇರಿತು. ಬಾಯಿಮಾತಿನ ನಿರಾಕರಣೆಯು ಗಾಳಿಯಲ್ಲಿ ಹೋಗುತ್ತದೆ. ಬರಹದಲ್ಲಿರುವ ನಿರಾಕರಣೆಗೆ ಅದನ್ನು ಬರೆದವರು ಮುಂದೆ ಉತ್ತರ ಕೊಡಬೇಕಾಗುತ್ತದೆ.

ಈ ಕೆಂಪು ಚುಕ್ಕೆಯೆಂದರೇನು? ವಿಜ್ಞಾನದ ತರಗತಿಯಲ್ಲಿ ಲಿಟ್ಮಸ್ ಕಾಗದದ ಬಣ್ಣ ಬದಲಾಗುವುದನ್ನು ನೀವು ನೋಡಿದ್ದೀರಿ. ಇದೂ ಅಂಥದೇ ಒಂದು ಜಾಣ ಉಪಾಯ. ಫೋನಿನೊಳಗೆ ಒಂದೆರಡು ಕಡೆ ಬಿಳಿಯ ಚೂರೊಂದನ್ನು ಅಂಟಿಸಿರುತ್ತಾರೆ. ನೀರು ಸೋಕಿದೊಡನೆ ಅದರಲ್ಲಿರುವ ಬಣ್ಣವು ಹರಡಿ ಚೂರು ಕೆಂಪಾಗುತ್ತದೆ. ನೀರು ಒಣಗಿದರೂ ಕೆಂಪು ಹೋಗುವುದಿಲ್ಲ. ಹಾಗಾದರೆ ಅದು ಹೇಳುವುದೇನು? ಯಾವಾಗಲೋ ಒಮ್ಮೆ ಇಲ್ಲಿಗೆ ನೀರು ಸೋಕಿದೆ ಎಂದಷ್ಟೆ. ಎಷ್ಟು ನೀರು, ಎಂದು ಸೋಕಿತು, ಅದು ಒಳಗಿನ ಫಲಕದವರೆಗೆ ಹೋಯಿತೆ, ಫೋನು ಕೆಟ್ಟದ್ದು ಅದರಿಂದಲೇ ಏನು, ಈ ಯಾವ ಪ್ರಶ್ನೆಗೂ ಚುಕ್ಕೆಯು ಉತ್ತರಿಸಲಾರದು. ಹೊಸ್ತಿಲ ಮೇಲೆ ಕೆಸರಿನ ಹೆಜ್ಜೆ ಕಂಡರೆ ಯಾರೋ ಬಂದಿದ್ದರೆನ್ನಬಹುದು. ಬಂದವರೇ ಕಳ್ಳರೆನ್ನಲು ಬೇರೆ ಸಾಕ್ಷ್ಯ ಬೇಕು.

ಈ ವಾದವನ್ನು ಹೂಡಿದವರಲ್ಲಿ ನಾವು ಮೊದಲಿಗರಲ್ಲ. ಇಂಥ ಚುಕ್ಕೆಯನ್ನೇ ನೆಪಮಾಡಿ ಐಫೋನು, ಐಪಾಡುಗಳ ವಾರಂಟಿಯನ್ನು ನಿರಾಕರಿಸಲಾಯಿತೆಂದು ಅಮೆರಿಕದ ಬಳಕೆದಾರರು ಆಪಲ್ ಕಂಪನಿಯ ಮೇಲೆ ಒಟ್ಟಾಗಿ ದಾವೆ ಹೂಡಿದ್ದರು. ಕಂಪನಿಯು ತನ್ನ ತಪ್ಪನ್ನು ಒಪ್ಪಲಿಲ್ಲ. ಆದರೂ 2013ರಲ್ಲಿ 5 ಕೋಟಿ 30 ಲಕ್ಷ ಡಾಲರುಗಳನ್ನು ಕೊಡಲು ಸಮ್ಮತಿಸಿ ರಾಜಿ ಮಾಡಿಕೊಂಡಿತು. ಕಂಪನಿಗಳ ಪಕ್ಷವನ್ನೂ ಇಲ್ಲಿ ಹೇಳುವುದು ನ್ಯಾಯ. ಫೋನನ್ನು ಬಕೆಟ್ಟಿಗೆ ಬೀಳಿಸಿ, ಅಕ್ಕಿಯ ಡಬ್ಬಿಯಲ್ಲಿ ಎರಡು ದಿನ ಹೂತಿಟ್ಟು, ಅನಂತರ ಏನೂ ಅರಿಯದವರಂತೆ ಕೌಂಟರಿಗೆ ಬರುವವರೂ ನಮ್ಮಲ್ಲಿದ್ದಾರೆ. ಅಂಥವರ ಸುಳ್ಳಿನ ಭಾರವನ್ನು ನನ್ನ ತಂಗಿಯಂಥವರು ಹೊರಬೇಕಾಗುತ್ತದೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 1930ರ ಸರಕು ಮಾರಾಟ ಕಾಯಿದೆಯಲ್ಲಿ ಸರಕಿನ ಗುಣವನ್ನು ಕುರಿತ ಷರತ್ತುಗಳಿದ್ದವು. ಆದರೆ ಅವುಗಳಿಗಾಗಿ ಸಾಮಾನ್ಯ ಮನುಷ್ಯನು ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಬೇಕಾಗಿದ್ದಿತು. ಹತ್ತು ರೂಪಾಯಿಯ ನಷ್ಟಕ್ಕೆ ನೂರು ರೂಪಾಯಿಯ ವಕೀಲರನ್ನು ಯಾರು ಹಿಡಿದಾರು? 1986ರ ಗ್ರಾಹಕರ ಸಂರಕ್ಷಣಾ ಕಾಯಿದೆಯು ಈ ಕೊರತೆಯನ್ನು ನೀಗಿಸಿತು. ಅದರ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಈಗಿನ ನಿಯಮಗಳಂತೆ 50 ಲಕ್ಷ ರೂಪಾಯಿಗಳವರೆಗೆ ಬೆಲೆಕೊಟ್ಟ ವ್ಯವಹಾರಗಳ ದೂರನ್ನು ಜಿಲ್ಲಾ ಆಯೋಗವು ವಿಚಾರಿಸುತ್ತದೆ. ಬೆಲೆಯು 5 ಲಕ್ಷವನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ ಸರಿಯೆ, ದೂರುಗಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಇದು ಹೊಸ ಕಾಯಿದೆಯ ದೊಡ್ಡ ಉಪಕಾರ. ಕಾರಣವು ಉಂಟಾದ ಎರಡು ವರ್ಷಗಳೊಳಗೆ ಮಾತ್ರ ಕೊಡಬೇಕು. ನಮ್ಮ ಕೆಂಪು ಚುಕ್ಕೆಗೆ ನೇರವಾಗಿ ಸಂಬಂಧಿಸಿದ್ದು 38ನೆಯ ಪ್ರಕರಣ. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲು ಸಾಧ್ಯವಿಲ್ಲವಾದರೆ ಆಯೋಗವು ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸಿ, 45 ದಿನಗಳಲ್ಲಿ ವರದಿಯನ್ನು ತರಿಸಿಕೊಳ್ಳಬಹುದು. ಅಂದರೆ ಚುಕ್ಕೆಯು ಸಾಕ್ಷಿಯಾಗಬಲ್ಲುದೇ ಹೊರತು ನ್ಯಾಯಾಧೀಶನಾಗಲಾರದು.

ಆದರೆ ಆಯೋಗಕ್ಕೆ ಹೋಗುವ ಮೊದಲು ಮಾಡಬಹುದಾದ ಕೆಲಸಗಳಿವೆ. 1915 ಎಂಬ ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯು ದೂರನ್ನು ದಾಖಲು ಮಾಡಿ ಕಂಪನಿಗೆ ಮುಟ್ಟಿಸುತ್ತದೆ. ನಾವು ಅಲ್ಲಿ ದೂರನ್ನು ಬರೆಸಿದೆವು. ಕಂಪನಿಗೂ ಪ್ರತ್ಯೇಕವಾಗಿ ಒಂದು ಪತ್ರ ಬರೆದೆವು. ಪತ್ರವನ್ನು ಬರೆದವಳು ಹುಡುಗಿಯೇ. ಮೊದಲನೆಯ ಕರಡಿನಲ್ಲಿ ‘ಮೋಸ’ ಎಂಬ ಪದವು ಆರು ಸಲ ಬಂದಿದ್ದಿತು, ದಿನಾಂಕವು ಒಂದು ಸಲವೂ ಇರಲಿಲ್ಲ. ಮೂರನೆಯ ಕರಡಿನಲ್ಲಿ ಬೈಗಳೆಲ್ಲ ಹೋಗಿ ಬಿಲ್ಲಿನ ಸಂಖ್ಯೆ, ಜಾಬ್ ಶೀಟಿನ ಸಂಖ್ಯೆ, ಕೊಂಡ ದಿನ, ಕೆಟ್ಟ ದಿನ ಇಷ್ಟೇ ಉಳಿದವು. ಕೊನೆಯ ಬೇಡಿಕೆಯೂ ಸರಳವಾಗಿದ್ದಿತು: ಫೋನನ್ನು ಬಿಚ್ಚಿ ಫಲಕವನ್ನು ಪರೀಕ್ಷಿಸಬೇಕು, ಅದರ ಮೇಲೆ ಕಿಲುಬು ಕಂಡರೆ ಚಿತ್ರ ತೆಗೆದು ನಮಗೆ ತೋರಿಸಬೇಕು, ಕಾಣದಿದ್ದರೆ ವಾರಂಟಿಯಂತೆ ಸರಿಪಡಿಸಿ ಕೊಡಬೇಕು.

ಹನ್ನೊಂದನೆಯ ದಿನ ಕರೆ ಬಂದಿತು. ನಮ್ಮೆದುರಿನಲ್ಲಿಯೇ ಫೋನನ್ನು ಬಿಚ್ಚಿದರು. ಸಿಮ್ ಕಿಂಡಿಯ ಬಳಿಯ ಚುಕ್ಕೆಯೊಂದೇ ಕೆಂಪಾಗಿದ್ದಿತು. ಒಳಗಿನ ಚುಕ್ಕೆ ಬೆಳ್ಳಗಿದ್ದಿತು, ಫಲಕದ ಮೇಲೆ ಕಿಲುಬಿರಲಿಲ್ಲ. ಆಗ ತಂಗಿಗೆ ನೆನಪಾಯಿತು. ಇಸ್ತ್ರಿಗೆಂದು ಬಟ್ಟೆಗೆ ನೀರು ಚಿಮುಕಿಸಿದ ಕೈಯಲ್ಲಿಯೇ ಒಮ್ಮೆ ಅವಳು ಸಿಮ್ ತಟ್ಟೆಯನ್ನು ತೆಗೆದು ಹಾಕಿದ್ದಳು. ಆ ತರುಣನು ಹೇಳಿದಂತೆ ಚುಕ್ಕೆಯು ಸುಳ್ಳನ್ನೇನೂ ಹೇಳಿರಲಿಲ್ಲ! ದೋಷವಿದ್ದುದು ಚಾರ್ಜು ಮಾಡುವ ಮಂಡಲದಲ್ಲಿ. ಹಣ ತೆಗೆದುಕೊಳ್ಳದೆ ಫಲಕವನ್ನು ಬದಲಾಯಿಸಿ ಕೊಟ್ಟರು.

ಆದರೆ ಫೋನಿನ ನೆನಪಿನ ಚಿಪ್ಪು ಆ ಫಲಕದ ಮೇಲೆಯೇ ಬೆಸುಗೆಗೊಂಡಿರುತ್ತದೆ. ಹಳೆಯ ಫಲಕ ಹೋದರೆ ಅದರಲ್ಲಿದ್ದುದೆಲ್ಲವೂ ಹೋಗುತ್ತದೆ. ಒಳಗಿನ ಮಾಹಿತಿಗೆ ತಾವು ಹೊಣೆಯಲ್ಲವೆಂದು ಜಾಬ್ ಶೀಟಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದರು. ಮುಂಭಾಗವನ್ನು ಅಷ್ಟು ಜಾಗರೂಕತೆಯಿಂದ ಓದಿದ್ದ ನಾವು ಹಿಂಬದಿಯನ್ನು ನೋಡಿರಲಿಲ್ಲ. ನೋಡಿದ್ದರೂ ಸತ್ತ ಫೋನಿನಿಂದ ನಕಲು ತೆಗೆದುಕೊಳ್ಳುವ ದಾರಿ ನಮಗಿರಲಿಲ್ಲ. ಅದನ್ನು ಫೋನು ಚೆನ್ನಾಗಿದ್ದಾಗಲೇ ಮಾಡಬೇಕಾಗಿದ್ದಿತು. ತಾಯಿಯ ಚಿತ್ರಗಳಲ್ಲಿ ಎರಡು ನನ್ನ ಫೋನಿನಲ್ಲಿದ್ದವು. ಬೀಸುವ ಪದವು ಎಲ್ಲಿಯೂ ಇರಲಿಲ್ಲ.

ನಾನೂ ಅವರೊಡನೆ ಕೆಂಗೇರಿಯ ರೈಲನ್ನು ಹತ್ತಿದೆನು. ತಂಗಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಹೊಸ ಫಲಕದೊಡನೆ ಹೊಸ ಐಎಂಇಐ ಸಂಖ್ಯೆಯೂ ಬಂದಿದ್ದಿತು, ಬಿಲ್ಲಿನಲ್ಲಿದ್ದುದು ಹಳೆಯದು. ವಾರಂಟಿಯಲ್ಲಿ ಇನ್ನೂ ಆರು ತಿಂಗಳು ಉಳಿದಿದ್ದುದರಿಂದ ಹುಡುಗಿ ಎರಡೂ ಸಂಖ್ಯೆಗಳನ್ನು ತಾಳೆನೋಡಿ, ಬದಲಾವಣೆಯನ್ನು ನಮೂದಿಸಿದ ಕಾಗದವನ್ನು ಬಿಲ್ಲಿಗೆ ಸೇರಿಸಿ ಗುಂಡುಸೂಜಿ ಚುಚ್ಚಿದಳು. ಮರುದಿನದಿಂದ ತಂಗಿಯು ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿ, ಟೇಪು ಹಿಡಿದು ಮತ್ತೆ ಅಳತೆ ತೆಗೆದುಕೊಂಡಳು. ಈ ಸಲ ಅವನ್ನು ಫೋನಿನಲ್ಲಿ ಬರೆದುಕೊಂಡದ್ದಲ್ಲದೆ ಇನ್ನೂರು ಪುಟದ ನೋಟುಬುಕ್ಕೊಂದರಲ್ಲಿಯೂ ಬರೆದಿಟ್ಟಳು.