ಗ್ರಂಥಮುದ್ರಣದಲ್ಲಿ ಅಕ್ಷರಪ್ರಮಾಣ: ಸಂಜ್ಞೆಯೂ ಅದರ ಪ್ರಯೋಜನವೂ

ಶಾಸ್ತ್ರಗ್ರಂಥಕ್ಕೆ ಅರ್ಥಶುದ್ಧಿಯು ಪ್ರಾಣವಾದರೆ ರೂಪಶುದ್ಧಿಯು ಶರೀರ. ಪುಟದ ಮೇಲಿನ ಅಕ್ಷರವು ಓದುಗನ ಕಣ್ಣಿಗೆ ನಿಲುಕದೆ ಹೋದರೆ ಒಳಗಿನ ಅರ್ಥವು ಎಷ್ಟೇ ಶುದ್ಧವಾಗಿದ್ದರೂ ವ್ಯರ್ಥ. ಶೀರ್ಷಿಕೆ, ಮೂಲಪಾಠ, ಕೋಷ್ಟಕ, ಎಚ್ಚರಿಕೆ, ಅಡಿಟಿಪ್ಪಣಿ ಎಂದು ಹಲವು ಅಂಗಗಳುಳ್ಳ ತಾಂತ್ರಿಕ ಗ್ರಂಥಗಳಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಈ ಅಂಗಗಳ ತಾರತಮ್ಯವನ್ನು ಓದುಗನಿಗೆ ಮೊದಲು ತಿಳಿಸುವುದು ಅಕ್ಷರದ ಪ್ರಮಾಣವೇ.

ಬಳ್ಳಾರಿಯೂ ಅಚ್ಚುಮೊಳೆಯೂ

ಈ ವಿಷಯವು ಬಳ್ಳಾರಿ ಸೀಮೆಗೆ ಹೊಸದಲ್ಲ. ಕುರುಗೋಡಿನ ಸಿಂದರ ಕಾಲದಲ್ಲಿ ಶಾಸನ ಕಂಡರಿಸುತ್ತಿದ್ದ ರೂವಾರಿಗಳು ಕಲ್ಲಿನ ವಿಸ್ತಾರಕ್ಕೆ ತಕ್ಕಂತೆ ಅಕ್ಷರವನ್ನು ಅಳವಡಿಸಬೇಕಾಗಿತ್ತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದ ಬಳಿಕ ಅಲ್ಲಿ ಮಿಷನ್ ಮುದ್ರಣಾಲಯವೂ ಸ್ಥಾಪಿತವಾಯಿತು. ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಪ್ರಾರಂಭಿಸಿದ ‘ಮಂಗಳೂರ ಸಮಾಚಾರ’ವು ಮೊದಲು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಮುದ್ರಿತವಾಗುತ್ತಿತ್ತು. ಅದೇ ಪತ್ರಿಕೆಯು 1844ರಲ್ಲಿ ‘ಕನ್ನಡ ಸಮಾಚಾರ’ ಎಂಬ ಹೆಸರು ತಳೆದು ಬಳ್ಳಾರಿಯಲ್ಲಿ ಅಚ್ಚುಮೊಳೆಗಳಿಂದ ಮುದ್ರಿತವಾಗತೊಡಗಿತು.

ಕಲ್ಲಚ್ಚಿಗೂ ಮೊಳೆಯಚ್ಚಿಗೂ ಇರುವ ಭೇದವು ಪ್ರಕೃತ ವಿಷಯಕ್ಕೆ ಕೀಲಿಕೈಯಂತಿದೆ. ಕಲ್ಲಚ್ಚಿನಲ್ಲಿ ಅಕ್ಷರದ ಗಾತ್ರವು ಬರೆಯುವವನ ಕೈಯ ಅಧೀನ. ಮೊಳೆಯಚ್ಚಿನಲ್ಲಿ ಎರಕದ ಅಧೀನ. ಒಂದೊಂದು ಗಾತ್ರಕ್ಕೂ ಒಂದೊಂದು ಜೊತೆ ಮೊಳೆ ಬೇಕು; ಅದಕ್ಕೆ ಪ್ರತ್ಯೇಕ ಕೇಸು ಬೇಕು. ಮುದ್ರಣಾಲಯದಲ್ಲಿ ಮೂರು ನಾಲ್ಕು ಗಾತ್ರದ ಮೊಳೆಗಳಿದ್ದರೆ ಗ್ರಂಥವೂ ಆ ಮೂರು ನಾಲ್ಕರಲ್ಲಿಯೇ ಮುಗಿಯಬೇಕು. ಬಡತನವೇ ಅಲ್ಲಿ ಶಿಸ್ತನ್ನು ಕಲಿಸಿತು. ಇಂದಿನ ಗಣಕಯಂತ್ರದಲ್ಲಿ ಬೇಕಾದ ಗಾತ್ರವು ಬೇಕಾದ ಕಡೆ ಸಿದ್ಧವಾಗಿ ದೊರೆಯುತ್ತದೆ. ಆದುದರಿಂದ ಯಂತ್ರವು ಕಲಿಸದ ಶಿಸ್ತನ್ನು ಗ್ರಂಥಕರ್ತನೇ ವಿಧಿಸಿಕೊಳ್ಳಬೇಕಾಗಿದೆ. ಅದಕ್ಕೆ ಸಾಧನವೇ ಮ್ಯಾಕ್ರೊ.

ಮ್ಯಾಕ್ರೊ ಎಂದರೇನು?

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು ತಮ್ಮ ಗ್ರಂಥದ ಕರಡಚ್ಚಿನಲ್ಲಿ ಅಕ್ಷರಗಳ ಅಂದಗೇಡನ್ನು ಕಂಡು, 1977ರಲ್ಲಿ ‘ಟೆಕ್’ ಎಂಬ ಅಕ್ಷರಸಂಯೋಜನ ವ್ಯವಸ್ಥೆಯ ರಚನೆಗೆ ತೊಡಗಿದರು. ಕಲೆ, ಕೌಶಲ ಎಂಬ ಎರಡು ಅರ್ಥವುಳ್ಳ ಗ್ರೀಕ್ ಪದವೇ ಆ ಹೆಸರಿಗೆ ಮೂಲ. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದಲ್ಲಿ ‘ಲೇಟೆಕ್’ ಎಂಬ ಮ್ಯಾಕ್ರೊಗಳ ಸಮೂಹವನ್ನು ರಚಿಸಿದರು. ಹಲವು ಆದೇಶಗಳನ್ನು ಒಂದು ಹೆಸರಿನಲ್ಲಿ ಅಡಗಿಸಿಟ್ಟು, ಆ ಹೆಸರು ಬಂದೆಡೆಯಲ್ಲೆಲ್ಲ ಆ ಆದೇಶಗಳನ್ನು ನಡೆಸುವುದೇ ಮ್ಯಾಕ್ರೊ.

ವ್ಯಾಕರಣ ಬಲ್ಲವರಿಗೆ ಇದು ಅಪರಿಚಿತವಲ್ಲ; ಇದು ಸಂಜ್ಞೆಯೇ ಸರಿ. ಪಾಣಿನಿಯು ಅಷ್ಟಾಧ್ಯಾಯಿಯ ಆದಿಯಲ್ಲಿಯೇ ವೃದ್ಧಿ, ಗುಣ ಎಂಬ ಸಂಜ್ಞೆಗಳನ್ನು ವಿಧಿಸಿ, ಮುಂದೆ ಆ ಹೆಸರುಗಳಿಂದಲೇ ಕಾರ್ಯ ನಡೆಸುತ್ತಾನೆ. ಕೇಶಿರಾಜನ ‘ಶಿಥಿಲದ್ವಿತ್ವ’ವನ್ನು ಒಮ್ಮೆ ಅರಿತ ವಿದ್ಯಾರ್ಥಿಗೆ ಅದರ ಲಕ್ಷಣವನ್ನು ಮತ್ತೆ ಮತ್ತೆ ಹೇಳಬೇಕಾಗಿಲ್ಲ. ಲಕ್ಷಣ ಒಂದೆಡೆ, ಪ್ರಯೋಗ ನೂರೆಡೆ. ಇದೇ ಸಂಜ್ಞೆಯ ಲಾಘವ.

ಲೇಟೆಕ್‌ನಲ್ಲಿ ‘ನಾರ್ಮಲ್‌ಸೈಜ್’ ಎಂಬುದು ಮೂಲಪ್ರಮಾಣ. ಅದು 10 ಪಾಯಿಂಟ್ ಆಗಿರುವಾಗ ‘ಸ್ಮಾಲ್’ 9, ‘ಫುಟ್‌ನೋಟ್‌ಸೈಜ್’ 8 ಪಾಯಿಂಟ್. ಮೇಲಕ್ಕೆ ಹೋದಂತೆ 12, 14.4, 17.28 ಎಂದು ಪ್ರತಿಯೊಂದೂ ಹಿಂದಿನದರ 1.2 ಪಟ್ಟು. ಮೂಲಪ್ರಮಾಣವನ್ನು 12 ಪಾಯಿಂಟಿಗೆ ಏರಿಸಿದರೆ ‘ಫುಟ್‌ನೋಟ್‌ಸೈಜ್’ ತಾನಾಗಿಯೇ 10 ಪಾಯಿಂಟ್ ಆಗುತ್ತದೆ.

ಆದರೆ ಗಾತ್ರಸೂಚಕವಾದ ಈ ಹೆಸರುಗಳನ್ನು ಗ್ರಂಥದ ನಡುವೆ ನೇರವಾಗಿ ಬಳಸುವುದಕ್ಕಿಂತ, ಅಂಗಸೂಚಕವಾದ ಹೊಸ ಹೆಸರುಗಳನ್ನು ಕಲ್ಪಿಸುವುದು ಉತ್ತಮ. ‘ಚಿಕ್ಕದು’ ಎಂಬ ಹೆಸರು ರೂಪವನ್ನು ಮಾತ್ರ ಹೇಳುತ್ತದೆ. ‘ಎಚ್ಚರಿಕೆ’ ಎಂಬ ಹೆಸರು ಉದ್ದೇಶವನ್ನೇ ಹೇಳುತ್ತದೆ.

ಒಂದು ನಿದರ್ಶನ

ತುಂಗಭದ್ರೆಯ ನೀರುಂಡು ಬತ್ತ ಬೆಳೆಯುವ ಸಿರುಗುಪ್ಪದ ರೈತರಿಗಾಗಿ ಬೆಳೆಸಂರಕ್ಷಣೆಯ ಕೈಪಿಡಿಯೊಂದನ್ನು ಸಿದ್ಧಪಡಿಸುವ ಸಂದರ್ಭವನ್ನು ಊಹಿಸಬಹುದು. ಅದರಲ್ಲಿ ಔಷಧದ ಪ್ರಮಾಣವನ್ನು ಹೇಳುವ ಎಚ್ಚರಿಕೆಗಳು ನಲವತ್ತು ಕಡೆ ಬರುತ್ತವೆ. ಕರಡು ಓದಿದ ಹಿರಿಯರೊಬ್ಬರು ‘ಈ ಅಕ್ಷರ ಕಾಣದು’ ಎಂದರೆ, ಗಾತ್ರವನ್ನು ಅಂಕಿಯಲ್ಲಿ ಬರೆದವನು ನಲವತ್ತು ಕಡೆಯೂ ತಿದ್ದಬೇಕು. ಅವುಗಳಲ್ಲಿ ಮೂರು ಕಣ್ತಪ್ಪಿದರೆ ಆ ಮೂರೂ ಸಣ್ಣದಾಗಿಯೇ ಉಳಿಯುತ್ತವೆ. 0.5 ಎಂಬಲ್ಲಿಯ ಬಿಂದು ಮಾಸಿ 5 ಎಂದು ಓದಿಕೊಂಡರೆ ಪ್ರಮಾಣವು ಹತ್ತುಮಡಿಯಾಗುತ್ತದೆ. ಹಾನಿಯಾಗುವುದು ಪೈರಿಗೆ, ಸಿಂಪಡಿಸುವವನ ದೇಹಕ್ಕೆ. ‘ಎಚ್ಚರಿಕೆ’ ಎಂಬ ಸಂಜ್ಞೆಯನ್ನು ಮೊದಲೇ ವಿಧಿಸಿದ್ದರೆ ಲಕ್ಷಣವನ್ನು ಒಂದೆಡೆ ತಿದ್ದಿದರೆ ಸಾಕು. ನಲವತ್ತೂ ಏಕರೂಪವಾಗಿ ಹಿಗ್ಗುತ್ತವೆ.

ಕನ್ನಡಕ್ಕೆ ವಿಶೇಷವಾದ ನಿಯಮಗಳು

ಮೊದಲನೆಯದು ಸಾಲಿನ ಅಂತರ. ಗಾತ್ರವನ್ನು ವಿಧಿಸುವಾಗ ಅಂತರವನ್ನೂ ಜೊತೆಯಲ್ಲಿಯೇ ವಿಧಿಸಬೇಕು. ಮೊಳೆಯ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿಯನ್ನಿಡುತ್ತಿದ್ದುದು ಇದಕ್ಕಾಗಿಯೇ. ರೋಮನ್ ಲಿಪಿಯ 10 ಪಾಯಿಂಟ್ ಅಕ್ಷರಕ್ಕೆ ಲೇಟೆಕ್ 12 ಪಾಯಿಂಟ್ ಅಂತರವನ್ನು ನೀಡುತ್ತದೆ. ಕನ್ನಡಕ್ಕೆ ಅಷ್ಟು ಸಾಲದು. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಒತ್ತುಗಳು ಕೆಳಕ್ಕಿಳಿದು ಮುಂದಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗುತ್ತವೆ. ಇಂತಹ ಪದಗಳನ್ನೇ ಮೇಲೆ ಕೆಳಗೆ ಜೋಡಿಸಿ ಮುದ್ರಿಸಿ ನೋಡಿ ಅಂತರವನ್ನು ನಿಶ್ಚಯಿಸತಕ್ಕದ್ದು.

ಎರಡನೆಯದು ವ್ಯಾಪ್ತಿ. ಪಾಣಿನಿಯ ಅಧಿಕಾರಸೂತ್ರಕ್ಕೆ ಎಲ್ಲೆಯಿರುವಂತೆ ಗಾತ್ರದ ಆದೇಶಕ್ಕೂ ಎಲ್ಲೆಯುಂಟು. ಆವರಣಚಿಹ್ನೆಗಳೇ ಆ ಎಲ್ಲೆ. ಇಲ್ಲೊಂದು ಸೂಕ್ಷ್ಮವಿದೆ. ಟೆಕ್ ವ್ಯವಸ್ಥೆಯು ಸಾಲುಗಳ ಅಂತರವನ್ನು ನಿರ್ಧರಿಸುವುದು ಪರಿಚ್ಛೇದವು ಮುಗಿಯುವಾಗ. ಪರಿಚ್ಛೇದ ಮುಗಿಯುವ ಮೊದಲೇ ಆವರಣವನ್ನು ಮುಚ್ಚಿದರೆ ಅಕ್ಷರವು ಚಿಕ್ಕದಾದರೂ ಅಂತರವು ಹಳೆಯದೇ ಉಳಿಯುತ್ತದೆ. ಆದುದರಿಂದ ಪರಿಚ್ಛೇದಸಮಾಪ್ತಿಯ ಆದೇಶವನ್ನು ಮ್ಯಾಕ್ರೊವಿನ ಒಳಗೇ ಸೇರಿಸಿಡುವುದು ಜಾಣತನ.

ಮೂರನೆಯದು ಮಿಶ್ರಲಿಪಿ. ಸಮೀಕರಣಗಳಲ್ಲಿ ರೋಮನ್ ಅಕ್ಷರಗಳು ಅನಿವಾರ್ಯ. ಎರಡೂ ಲಿಪಿಗಳಿಗೆ 10 ಪಾಯಿಂಟ್ ಎಂದು ವಿಧಿಸಿದ ಮಾತ್ರಕ್ಕೆ ಎರಡೂ ಕಣ್ಣಿಗೆ ಸಮವಾಗಿ ಕಾಣುವುದಿಲ್ಲ. ಯೂನಿಕೋಡ್ ಬಲ್ಲ ಇಂದಿನ ಟೆಕ್ ರೂಪಗಳಲ್ಲಿ ಒಂದು ಲಿಪಿಯನ್ನು ಇನ್ನೊಂದಕ್ಕೆ ತಕ್ಕಂತೆ ಹಿಗ್ಗಿಸುವ ಗುಣಕವನ್ನು ಪ್ರಾರಂಭದಲ್ಲಿಯೇ ಒಮ್ಮೆ ವಿಧಿಸಬಹುದು.

ಉಪಸಂಹಾರ

ಸಂಜ್ಞೆಗಳು ಅತಿಯಾದರೆ ಅವೂ ಹೊರೆಯೇ. ಮೂಲಪಾಠ, ಶೀರ್ಷಿಕೆ, ಉಪಶೀರ್ಷಿಕೆ, ಕೋಷ್ಟಕ, ಎಚ್ಚರಿಕೆ, ಅಡಿಟಿಪ್ಪಣಿ ಎಂಬ ಆರು ಸಾಮಾನ್ಯ ಕೈಪಿಡಿಗೆ ಸಾಕು. ಶಾಲೆಗಳಲ್ಲಿ ಗಣಕವನ್ನು ಕಲಿಸುವ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಗಾತ್ರವನ್ನು ಬದಲಿಸುವ ಗುಂಡಿಯನ್ನು ತೋರಿಸುವ ಮೊದಲು, ಬರೆಹದ ಅಂಗಗಳಿಗೆ ಹೆಸರಿಡುವುದನ್ನು ಕಲಿಸುವುದು ಯುಕ್ತ. ಯಾವ ಮಾತು ಮುಖ್ಯ, ಯಾವುದು ಪೂರಕ, ಯಾವುದನ್ನು ಓದುಗನು ತಪ್ಪದೆ ಕಾಣಬೇಕು ಎಂಬ ವಿವೇಚನೆ ಆ ಹೆಸರಿಡುವಿಕೆಯಲ್ಲಿಯೇ ಇದೆ. ಆ ವಿವೇಚನೆಯುಳ್ಳವನ ಗ್ರಂಥದಲ್ಲಿ ಅಕ್ಷರವು ಅಲಂಕಾರಕ್ಕಾಗಿ ಹಿಗ್ಗದು, ಕಾಗದದ ಉಳಿತಾಯಕ್ಕಾಗಿ ಕುಗ್ಗದು. ಓದುಗನ ಹಿತಕ್ಕೆ ಎಷ್ಟು ಬೇಕೋ ಅಷ್ಟೇ ಪ್ರಮಾಣದಲ್ಲಿ ನಿಲ್ಲುತ್ತದೆ.