ಐದು ರೂಪಾಯಿ ನಾಣ್ಯವೂ ಅಂಗಡಿಯ ಜಾಣ್ಮೆಯೂ



ನಿಮ್ಮೂರಿನ ಕಿರಾಣಿ ಅಂಗಡಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಮೇಲೆ ನೋಡಿರಿ. ಹಬ್ಬದ ತೋರಣದಂತೆ ಶಾಂಪೂ ಪಾಕೀಟಿನ ಸರಗಳು ಜೋತುಬಿದ್ದಿರುತ್ತವೆ. ಅವುಗಳ ಪಕ್ಕದಲ್ಲಿ ಕಾಫಿಪುಡಿ, ತಲೆಯೆಣ್ಣೆ, ಸೋಪಿನ ಪುಡಿ, ಉಪ್ಪಿನಕಾಯಿ. ಕೆಳಗೆ ಡಬ್ಬಿಗಳಲ್ಲಿ ಬಿಸ್ಕತ್ತಿನ ಪೊಟ್ಟಣಗಳು. ಈಗ ಇವುಗಳ ಬೆಲೆಯನ್ನು ಗಮನಿಸಿರಿ. ಒಂದು ರೂಪಾಯಿ, ಎರಡು, ಐದು, ಹತ್ತು. ಮೂರು ರೂಪಾಯಿ ಎಪ್ಪತ್ತು ಪೈಸೆಯ ಪೊಟ್ಟಣವೊಂದು ಹುಡುಕಿದರೂ ಸಿಗುವುದು ಕಷ್ಟ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ಸಾಮಾನು ಮಾಡುತ್ತಿದ್ದರೂ ಎಲ್ಲರ ಬೆಲೆಯೂ ನಮ್ಮ ಜೇಬಿನ ನಾಣ್ಯಕ್ಕೆ ಸರಿಯಾಗಿ ಬಂದು ನಿಲ್ಲುವುದೇಕೆ? ಈ ಪಾಠದಲ್ಲಿ ನಾವು ವಿಚಾರ ಮಾಡತಕ್ಕದ್ದು ಇದನ್ನೇ.

ಮೊದಲು ಪಾಕೀಟಿನ ಕಥೆ ತಿಳಿಯೋಣ. ಶಾಂಪೂ ಒಂದು ಕಾಲಕ್ಕೆ ಪೇಟೆಯ ಉಳ್ಳವರ ಸಾಮಾನು. ಸೀಸೆಯಲ್ಲಿ ಮಾತ್ರ ಸಿಗುತ್ತಿತ್ತು. ಹಳ್ಳಿಯಲ್ಲಿ ಸೀಗೆಪುಡಿ, ಇಲ್ಲವೇ ಮೈಗೆ ಹಚ್ಚುವ ಸೋಪೇ ತಲೆಗೂ. ತಮಿಳುನಾಡಿನ ಕಡಲೂರಿನವರಾದ ಚಿನ್ನಿ ಕೃಷ್ಣನ್ ಎಂಬವರು, ಇಂತಹ ಸಾಮಾನನ್ನು ಚಿಕ್ಕ ಪಾಕೀಟಿನಲ್ಲಿ ಕಟ್ಟಿದರೆ ಕೂಲಿ ಮಾಡುವವನೂ ಕೊಳ್ಳಬಲ್ಲನೆಂದು 1970ರ ದಶಕದಲ್ಲೇ ಯೋಚಿಸಿದರು. ಅವರ ಮಕ್ಕಳು ವೆಲ್ವೆಟ್ ಎಂಬ ಹೆಸರಿನಲ್ಲಿ ಪಾಕೀಟು ಶಾಂಪೂ ಮಾರಿದರು. ಆ ಮಕ್ಕಳಲ್ಲಿ ಒಬ್ಬರಾದ ಸಿ.ಕೆ. ರಂಗನಾಥನ್ 1983ರಲ್ಲಿ ಬೇರೆಯಾಗಿ, 15,000 ರೂಪಾಯಿ ಬಂಡವಾಳದಿಂದ, ತಂದೆಯ ಹೆಸರಿನ ಅಕ್ಷರಗಳನ್ನೇ ಕೂಡಿಸಿ ಚಿಕ್ ಎಂಬ ಶಾಂಪೂ ತೆಗೆದರು.

ಈ ಚಿಕ್ ಶಾಂಪೂವಿನವರು ಮಾಡಿದ ಒಂದು ಉಪಾಯ ತುಂಬ ಸೊಗಸಾದದ್ದು. ಯಾವುದೇ ಕಂಪನಿಯ ಐದು ಖಾಲಿ ಪಾಕೀಟು ತಂದುಕೊಟ್ಟರೆ ಒಂದು ಚಿಕ್ ಪಾಕೀಟು ಉಚಿತ ಎಂದು ಸಾರಿದರು. ಎದುರಾಳಿಯ ಗಿರಾಕಿ ತಾನಾಗಿಯೇ, ಎದುರಾಳಿಯ ಪಾಕೀಟನ್ನೇ ಕೈಯಲ್ಲಿ ಹಿಡಿದು ಇವರ ಹತ್ತಿರ ಬಂದ. ಜನ ಕೇಳತೊಡಗಿದ ಮೇಲೆ ಅಂಗಡಿಯವನಿಗೂ ಸರಕು ತರಿಸದೆ ವಿಧಿಯಿಲ್ಲ. ರೂಢಿ ಬಿದ್ದ ನಂತರ ಕರಾರು ಬದಲಾಯಿತು: ಇನ್ನು ಚಿಕ್ ಪಾಕೀಟಿನ ಖಾಲಿಗಳನ್ನು ತಂದರೆ ಮಾತ್ರ ಉಚಿತ. ಮೊದಲ ಹೆಜ್ಜೆಯಲ್ಲಿ ಗಿರಾಕಿಯನ್ನು ಕರೆದರು, ಎರಡನೆಯದರಲ್ಲಿ ಕಟ್ಟಿಹಾಕಿದರು. 1999ರಲ್ಲಿ 50 ಪೈಸೆಯ ಪಾಕೀಟನ್ನೂ ತಂದರು. ಅಂದಿನ ಐವತ್ತು ಪೈಸೆ ಎಂದರೆ ಮಗುವಿನ ಕೈಯಲ್ಲಿಯೂ ಇರುತ್ತಿದ್ದ ನಾಣ್ಯ.

ಇನ್ನೊಂದು ಸಂಗತಿ. ಅವರ ಕೆಲಸಗಾರರು ಹಳ್ಳಿಗಳಿಗೆ ಹೋಗಿ, ಜನ ಸೇರಿಸಿ, ಒಬ್ಬ ಹುಡುಗನ ತಲೆಯನ್ನು ಎಲ್ಲರೆದುರಿಗೆ ತೊಳೆದು, ಕೂದಲು ಮುಟ್ಟಿ ನೋಡಿರೆಂದು ತೋರಿಸುತ್ತಿದ್ದರು. ಇದನ್ನು ಓದಿ ನಗಬೇಡಿ. ಗ್ರಾಮಸೇವಕರಾದ ನಾವು ಮಾಡುವುದೂ ಬಹುಮಟ್ಟಿಗೆ ಇದೇ! ಬೀಜೋಪಚಾರ ಮಾಡಿರೆಂದು ಹತ್ತು ಸಲ ಹೇಳುವುದಕ್ಕಿಂತ ಒಂದು ಸಲ ಬೋಗುಣಿಯಲ್ಲಿ ಕಲಸಿ ತೋರಿಸುವುದು ಮೇಲು. ಬೀಜದ ಕಂಪನಿಗಳೂ ಇದನ್ನು ಚೆನ್ನಾಗಿ ಬಲ್ಲವು. ರಸ್ತೆಯಂಚಿನ ಹೊಲದಲ್ಲಿ ಬಣ್ಣದ ಬೋರ್ಡು ನೆಟ್ಟ ತಾಕನ್ನು ನೀವೂ ಕಂಡಿರುತ್ತೀರಿ. ಅಂತಹ ತಾಕು ಕಂಡಾಗ ಮೂರು ವಿಷಯ ಕೇಳಿರಿ. ಹೊಲ ಯಾರದು, ನೀರು ಎಷ್ಟು? ಗೊಬ್ಬರ, ಔಷಧಿ ಯಾರು ಕೊಟ್ಟರು? ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಅದೇ ಗೊಬ್ಬರ ಹಾಕಿ, ರೈತ ಯಾವಾಗಲೂ ಬಿತ್ತುವ ತಳಿಯನ್ನು ಹೋಲಿಕೆಗಾಗಿ ಬೆಳೆದಿದ್ದಾರೆಯೇ? ಹೋಲಿಕೆಯ ತಾಕು ಇಲ್ಲದ ಪ್ರಾತ್ಯಕ್ಷಿಕೆಯಲ್ಲಿ ಬೀಜದ ಗುಣ ಎಷ್ಟು, ಕೊಳವೆಬಾವಿಯ ಗುಣ ಎಷ್ಟು ಎಂದು ಯಾರೂ ಹೇಳಲಾರರು. ನಾವು ಮಾಡಿಸುವ ತಾಕಿನಲ್ಲಿ ಅದು ಇಲ್ಲದಿದ್ದರೆ ನಮ್ಮನ್ನೂ ಬಿಡದೆ ಕೇಳಿರಿ.

ಈಗ ನಾಣ್ಯದ ಮಾತಿಗೆ ಬರೋಣ. ಗೋಧಿ, ಸಕ್ಕರೆ, ಎಣ್ಣೆಗಳ ಬೆಲೆ ಏರಿದಾಗ ಬಿಸ್ಕತ್ತಿನವನು ಏನು ಮಾಡಬೇಕು? ಐದನ್ನು ಐದೂವರೆ ಮಾಡಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೇಲಾಗಿ ಎಂಟಾಣೆ ಚಿಲ್ಲರೆ ಎಲ್ಲಿಂದ ತರುವುದು? (ಚಿಲ್ಲರೆಗೆ ಬದಲು ಚಾಕಲೇಟು ಕೈಗಿಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಅದೂ ಒಂದು ವ್ಯಾಪಾರವೇ. ಕೇಳದ ಚಾಕಲೇಟನ್ನು ನಾವು ಕೊಂಡ ಹಾಗಾಯಿತು.) ಆದಕಾರಣ ಬೆಲೆಯನ್ನು ಹಾಗೆಯೇ ಬಿಟ್ಟು ತೂಕವನ್ನು ಇಳಿಸುತ್ತಾರೆ. ಹೊದಿಕೆಯ ಬಣ್ಣ, ಚಿತ್ರ ಅದೇ. ಒಳಗೆ ಒಂದು ಬಿಸ್ಕತ್ತು ಕಡಮೆ, ಅಥವಾ ಪ್ರತಿಯೊಂದೂ ಕೂದಲೆಳೆಯಷ್ಟು ತೆಳು.

ಲೆಕ್ಕ ಹಾಕಿ ನೋಡೋಣ. ಐದು ರೂಪಾಯಿಯ ಪೊಟ್ಟಣದಲ್ಲಿ 55 ಗ್ರಾಂ ಇತ್ತೆಂದು ಇಟ್ಟುಕೊಳ್ಳಿರಿ. ಕಿಲೋಗೆ ಸುಮಾರು 91 ರೂಪಾಯಿ ಬಿತ್ತು. ಅದೇ ಪೊಟ್ಟಣ 50 ಗ್ರಾಂ ಆದರೆ ಕಿಲೋಗೆ 100 ರೂಪಾಯಿ. ಐದು ಗ್ರಾಂ ಹೋದದ್ದು ಕೈಗೆ ತಿಳಿಯುವುದಿಲ್ಲ, ಆದರೆ ಬೆಲೆ ನೂರಕ್ಕೆ ಹತ್ತರಷ್ಟು ಏರಿತು. ಇದೇ ಅಂಗಡಿಯವನು ಅಕ್ಕಿಯ ಬೆಲೆಯನ್ನು ಕಿಲೋಗೆ ಹತ್ತರಷ್ಟು ಏರಿಸಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಅಕ್ಕಿಯನ್ನು ತೂಕದಿಂದ ಕೊಳ್ಳುತ್ತೇವೆ, ಬಿಸ್ಕತ್ತನ್ನು ನಾಣ್ಯದಿಂದ ಕೊಳ್ಳುತ್ತೇವೆ; ವ್ಯತ್ಯಾಸ ಇಷ್ಟೇ. ತೂಕವನ್ನು ಸರಿಯಾಗಿ ಮುದ್ರಿಸಿರುವವರೆಗೆ ಕಂಪನಿ ಮೋಸ ಮಾಡಿತೆಂದು ಹೇಳಲಾಗದು. ನೋಡದೆ ಇರುವುದನ್ನು ನಂಬಿ ಮಾಡುವ ವ್ಯಾಪಾರವದು.

ನಾಣ್ಯದ ಹಿಡಿತ ಎಷ್ಟು ಬಿಗಿ ಎಂಬುದು 2025ರಲ್ಲಿ ತಿಳಿದುಬಂತು. ಆ ವರ್ಷ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಶಾಂಪೂ, ಸೋಪು, ಹಲ್ಲಿನ ಪೇಸ್ಟುಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ಐದು ರೂಪಾಯಿಯ ಪೊಟ್ಟಣ 4 ರೂಪಾಯಿ 45 ಪೈಸೆಗೂ, ಎರಡು ರೂಪಾಯಿಯ ಪಾಕೀಟು 1 ರೂಪಾಯಿ 78 ಪೈಸೆಗೂ ಬರಬೇಕು. 25 ಪೈಸೆಯ ನಾಣ್ಯವೇ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದ ದೇಶದಲ್ಲಿ ಈ ಬೆಲೆ ಕೊಡುವುದು ಹೇಗೆ? ಕೆಲವು ಕಂಪನಿಗಳು ಅಂಥ ಚಿಲ್ಲರೆ ಬೆಲೆಗಳನ್ನೇ ಮುದ್ರಿಸಿದವು. ಕೆಲವು ಹಳೆಯ ದುಂಡು ಬೆಲೆಗೇ ಮರಳಿ ತೂಕವನ್ನು ಹೆಚ್ಚಿಸುವ ದಾರಿ ಹಿಡಿದವು. ತೂಕ ಇಳಿಸಿದಾಗ ಸದ್ದಿಲ್ಲ, ಹೆಚ್ಚಿಸಿದಾಗ ಪೊಟ್ಟಣದ ಮೇಲೆ ದಪ್ಪಕ್ಷರದ ಜಾಹೀರಾತು. ಇದು ನನಗೆ ಕಂಡ ಮಾತು.

ಮುಂಚೆ ಬಿಸ್ಕತ್ತು, ಚಹಾ, ಕಾಫಿ, ಅಡಿಗೆಯೆಣ್ಣೆ, ಸೋಪು ಮೊದಲಾದ ಸಾಮಾನುಗಳನ್ನು ಇಂತಿಂಥ ತೂಕದಲ್ಲಿಯೇ ಕಟ್ಟಬೇಕೆಂದು ಸರ್ಕಾರದ ಪಟ್ಟಿಯೊಂದಿತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿ, ಅದರ ಬದಲು ಪೊಟ್ಟಣದ ಮೇಲೆ ಬಿಡಿ ಅಳತೆಯ ಬೆಲೆಯನ್ನು ಮುದ್ರಿಸಬೇಕೆಂಬ ನಿಯಮ ತಂದರು. ಎಂ.ಆರ್.ಪಿ.ಯ ಆಸುಪಾಸಿನಲ್ಲಿ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ. ಒಂದು ಕಿಲೋಗಿಂತ ಕಡಮೆ ತೂಕದ ಪೊಟ್ಟಣವಾದರೆ ಗ್ರಾಮಿಗೆ ಇಷ್ಟು, ಹೆಚ್ಚಿನದಾದರೆ ಕಿಲೋಗೆ ಇಷ್ಟು. ದ್ರವಗಳಿಗೆ ಮಿಲಿಲೀಟರು, ಲೀಟರು. ಇಲ್ಲೊಂದು ಎಚ್ಚರಿಕೆ. ಮೇಲಿನ ಬಿಸ್ಕತ್ತಿನ ಲೆಕ್ಕವನ್ನು ಗ್ರಾಮಿನಲ್ಲಿ ಹೇಳಿದರೆ 9 ಪೈಸೆ ಇದ್ದದ್ದು 10 ಪೈಸೆ ಆಯಿತು ಎಂದಷ್ಟೇ ಕಾಣುತ್ತದೆ. ಒಂದು ಪೈಸೆ ತಾನೇ ಎನ್ನಬೇಡಿರಿ. ಸಾವಿರದಿಂದ ಗುಣಿಸಿ ಕಿಲೋಗೆ ತಂದಾಗಲೇ ಅದರ ನಿಜರೂಪ ತಿಳಿಯುವುದು. ಹತ್ತು ಗ್ರಾಂ ಅಥವಾ ಹತ್ತು ಮಿಲಿಲೀಟರಿಗೆ ಮೀರದ ಪಾಕೀಟುಗಳಿಗೆ ಈ ನಿಯಮಗಳಿಂದ ಬಹುಮಟ್ಟಿಗೆ ವಿನಾಯಿತಿ ಇದೆ. ಅವುಗಳ ಲೆಕ್ಕವನ್ನು ನಾವೇ ಹಾಕಬೇಕು. ಏಳನೆಯ ತರಗತಿಯ ಮಕ್ಕಳಿಗೆ ಇದು ಒಳ್ಳೆಯ ಮನೆಲೆಕ್ಕ.

ಚಿಕ್ಕದೆಲ್ಲ ದುಬಾರಿ, ದೊಡ್ಡದೆಲ್ಲ ಅಗ್ಗ ಎಂಬ ನಂಬಿಕೆಯೊಂದಿದೆ. ಹಲವು ಸಾಮಾನುಗಳಲ್ಲಿ ಅದು ನಿಜವಾದರೂ ಶಾಂಪೂವಿನಲ್ಲಿ ಎಷ್ಟೋ ಸಲ ತಿರುಗುಮುರುಗು. ಎರಡು ರೂಪಾಯಿಗೆ 7 ಮಿ.ಲೀ. ಪಾಕೀಟು, ನೂರು ರೂಪಾಯಿಗೆ 180 ಮಿ.ಲೀ. ಸೀಸೆ ಎಂದಿಟ್ಟುಕೊಂಡರೆ, ನೂರು ಮಿ.ಲೀ.ಗೆ ಪಾಕೀಟಿನಲ್ಲಿ ಸುಮಾರು 29 ರೂಪಾಯಿ, ಸೀಸೆಯಲ್ಲಿ ಸುಮಾರು 56 ರೂಪಾಯಿ! ಪಾಕೀಟು ಕೊಳ್ಳುವವನು ಒಂದೊಂದು ರೂಪಾಯಿಗೂ ಅಳೆದು ನೋಡುತ್ತಾನೆ, ಸೀಸೆ ಕೊಳ್ಳುವವನು ನೋಡುವುದಿಲ್ಲವೆಂದು ಕಂಪನಿಗೆ ಗೊತ್ತು. ಸೀಸೆಯಿಂದ ಕೈಗೆ ಸುರಿದುಕೊಳ್ಳುವಾಗ ಹೆಚ್ಚು ಬೀಳುತ್ತದೆಂಬುದೂ ಗೊತ್ತು. ಆದಾಗ್ಯೂ ಪಾಕೀಟಿಗೆ ಇನ್ನೊಂದು ಖರ್ಚುಂಟು, ಅದನ್ನು ಹೊರುವುದು ಊರು. ಪದರ ಪದರವಾದ ಆ ಖಾಲಿ ಹಾಳೆಯನ್ನು ಗುಜರಿಯವನು ಕೊಳ್ಳುವುದಿಲ್ಲ. ಅದು ಚರಂಡಿ ಸೇರುತ್ತದೆ.

ರೈತ ಬಾಂಧವರು ಇದೆಲ್ಲ ಹೆಂಗಸರ, ಮಕ್ಕಳ ಮಾತೆಂದು ಪುಟ ಮಗುಚಬಾರದು. ನಾಣ್ಯದಿಂದ ಬಿಸ್ಕತ್ತು ಕೊಳ್ಳುವ ಹಾಗೆಯೇ ನಾವು ಗೊಬ್ಬರವನ್ನು ಮೂಟೆಯಿಂದ ಕೊಳ್ಳುತ್ತೇವೆ. ಇದನ್ನು ಅರಿತೇ ಸರ್ಕಾರ 2018ರಲ್ಲಿ ಯೂರಿಯಾ ಮೂಟೆಯನ್ನು 50 ಕಿಲೋದಿಂದ 45 ಕಿಲೋಗೆ ಇಳಿಸಿತು. ರೈತ ಎಕರೆಗೆ ಇಷ್ಟು ಮೂಟೆ ಎಂದು ಹಾಕುತ್ತಾನೆ. ಮೂಟೆ ಚಿಕ್ಕದಾದರೆ ಅತಿಬಳಕೆ ತಾನಾಗಿಯೇ ತಗ್ಗುತ್ತದೆ ಎಂಬುದು ಅದರ ಲೆಕ್ಕಾಚಾರ. ಬಿಸ್ಕತ್ತಿನವನ ಉಪಾಯವೇ, ಉದ್ದೇಶ ಮಾತ್ರ ಬೇರೆ. ಮುಂದೆ 2024ರ ಜನವರಿಯಲ್ಲಿ ಗಂಧಕ ಲೇಪಿತ ಯೂರಿಯಾದ 40 ಕಿಲೋ ಮೂಟೆಗೂ, ಬೇವು ಲೇಪಿತ ಯೂರಿಯಾದ 45 ಕಿಲೋ ಮೂಟೆಯ ಬೆಲೆಯನ್ನೇ, ಅಂದರೆ 266 ರೂಪಾಯಿ 50 ಪೈಸೆಯನ್ನೇ ನಿಗದಿ ಮಾಡಲಾಯಿತು. ಎರಡೂ ಒಂದೇ ಎಂದು ತಿಳಿಯಬಾರದು. ಬೇವು ಲೇಪಿತದಲ್ಲಿ ಸಾರಜನಕ ನೂರಕ್ಕೆ 46, ಮೂಟೆಗೆ 20.7 ಕಿಲೋ. ಗಂಧಕ ಲೇಪಿತದಲ್ಲಿ ನೂರಕ್ಕೆ 37, ಮೂಟೆಗೆ 14.8 ಕಿಲೋ, ಜೊತೆಗೆ 6.8 ಕಿಲೋ ಗಂಧಕ. ಎಕರೆಗೆ 40 ಕಿಲೋ ಸಾರಜನಕ ಬೇಡುವ ಬೆಳೆಗೆ ಮೊದಲನೆಯದು ಸುಮಾರು ಎರಡು ಮೂಟೆ, ಎರಡನೆಯದು ಎರಡೂ ಮುಕ್ಕಾಲಿನ ಹತ್ತಿರ. ಕಡಲೆಕಾಯಿ, ಸೂರ್ಯಕಾಂತಿಯಂಥ ಎಣ್ಣೆಕಾಳಿಗೆ, ಅದರಲ್ಲಿಯೂ ಗಂಧಕ ಕೊರತೆಯ ಭೂಮಿಗೆ, ಎರಡನೆಯದರ ಗಂಧಕ ಉಪಯುಕ್ತ. ಮಣ್ಣು ಪರೀಕ್ಷೆಯ ಚೀಟಿ ನೋಡಿ ನಿರ್ಧರಿಸಿರಿ, ಮೂಟೆ ನೋಡಿ ಅಲ್ಲ. ಇನ್ನು, ಯೂರಿಯಾ ಬೇಕಾದರೆ ಈ ಸೀಸೆಯನ್ನೂ ಕೊಳ್ಳಬೇಕೆಂದು ಅಂಗಡಿಯವರು ಬಲವಂತ ಮಾಡಿದರೆ ಅದು ಜಾಣ್ಮೆಯಲ್ಲ, ನಿಯಮಕ್ಕೆ ವಿರುದ್ಧ. ರಸೀದಿ ಕೇಳಿ ಪಡೆದು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ. ಎಂ.ಆರ್.ಪಿ.ಗಿಂತ ಹೆಚ್ಚು ಕೇಳಿದರೆ, ತೂಕ ಕಡಮೆ ಬಂದರೆ 1915ಕ್ಕೆ ಫೋನು ಮಾಡಬಹುದು; ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇಷ್ಟು ತಿಳಿದ ಮೇಲೆ ನಮ್ಮ ಸ್ವಸಹಾಯ ಸಂಘದ ಅಕ್ಕಂದಿರಿಗೆ ಒಂದು ಮಾತು. ಈ ಉಪಾಯ ಕಂಪನಿಗಳ ಸ್ವತ್ತಲ್ಲ. ಶೇಂಗಾ ಚಟ್ನಿಪುಡಿಯನ್ನು ಕಾಲು ಕಿಲೋ ಪೊಟ್ಟಣ ಕಟ್ಟಿ ಸಂತೆಗೆ ಒಯ್ದರೆ ಹೊಸಬರು ರುಚಿ ತಿಳಿಯದೆ ಅಷ್ಟು ಹಣ ಹಾಕಲು ಹಿಂಜರಿಯುತ್ತಾರೆ. ಹತ್ತು ರೂಪಾಯಿಯ ಪೊಟ್ಟಣವಾದರೆ ನೋಡೋಣವೆಂದು ಕೊಳ್ಳುತ್ತಾರೆ. ಆದರೆ ಬೆಲೆಯನ್ನು ಮೊದಲು ಹಿಡಿದು ತೂಕವನ್ನು ಆಮೇಲೆ ಕಂಡುಹಿಡಿಯಬೇಕು. ಹತ್ತರಲ್ಲಿ ಅಂಗಡಿಯವನಿಗೆ ಒಂದೂವರೆ, ಕವರು ಮತ್ತು ಚೀಟಿಗೆ ಒಂದು ಹೋದರೆ ಉಳಿಯುವುದು ಏಳೂವರೆ. ನಿಮ್ಮ ಕೂಲಿಯೂ ಸೇರಿ ಪುಡಿ ಕಿಲೋಗೆ 300 ರೂಪಾಯಿ ಬಿದ್ದರೆ 25 ಗ್ರಾಂ ಹಾಕಿದಾಗ ಲಾಭ ಸೊನ್ನೆ. 20 ಗ್ರಾಂ ಹಾಕಿದರೆ ಪೊಟ್ಟಣಕ್ಕೆ ಒಂದೂವರೆ ರೂಪಾಯಿ ಸಂಘಕ್ಕೆ ಉಳಿಯುತ್ತದೆ. ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಮಾರುವ ಸಂಘಗಳನ್ನು ಹಳ್ಳಿ ಹಳ್ಳಿಯಲ್ಲಿ ಕಾಣುತ್ತೇನೆ. ಅವರಿಗೆ ಉಳಿಯುವುದು ಹೊಗಳಿಕೆ ಮಾತ್ರ.

ಚೀಟಿಯ ಮೇಲೆ ಸಂಘದ ಹೆಸರು, ವಿಳಾಸ, ಫೋನು, ತಯಾರಿಸಿದ ದಿನ, ಎಷ್ಟು ದಿನ ಬಾಳುವುದು, ಏನೇನು ಹಾಕಿದೆ, ಎಫ್.ಎಸ್.ಎಸ್.ಎ.ಐ. ನೋಂದಣಿ ಸಂಖ್ಯೆ, ನಿವ್ವಳ ತೂಕ 20 ಗ್ರಾಂ, ಎಂ.ಆರ್.ಪಿ. 10 ರೂಪಾಯಿ, ಗ್ರಾಮಿಗೆ 50 ಪೈಸೆ ಎಂದು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಲಿ. ನಾಳೆ ಶೇಂಗಾ ದುಬಾರಿಯಾಗಿ 18 ಗ್ರಾಮಿಗೆ ಇಳಿಸಬೇಕಾದರೆ ಚೀಟಿಯನ್ನೂ ಬದಲಾಯಿಸಿ, ಅಂಗಡಿಯವನಿಗೂ ಬಾಯಿಬಿಟ್ಟು ಹೇಳಿರಿ. ನಿಮ್ಮ ಗಿರಾಕಿ ಪಕ್ಕದ ಬೀದಿಯವಳು. ಅವಳ ಮನೆಯಲ್ಲಿಯೂ ತಕ್ಕಡಿ ಇರುತ್ತದೆ.